ಹದಕ್ಕೆ ಬಂದ ತಂಬಾಕು

ರೀ,

ನಿದ್ದೆ ಮುಗೀತಾ? ನಿಮ್ಮ ಪೈಪಿನ ತಂಬಾಕು ಅಡುಗೆಮನೆ ಕಟ್ಟೆ ಮೇಲೆ, ದೊಡ್ಡ ತಟ್ಟೆಯಲ್ಲಿ ಹರಡಿದೆ. ನೀವು ಹೇಳಿ ಮಲಗಿದ ಹಾಗೇ ಹತ್ತು ನಿಮಿಷಕ್ಕೊಮ್ಮೆ ಹಿಸುಕಿ ನೋಡಿದೀನಿ. ಈಗ ಬೆರಳಿಗೆ ಅಂಟಲ್ಲ, ಪುಡಿಯೂ ಆಗಲ್ಲ, ಬಿಟ್ಟರೆ ಮೆಲ್ಲಗೆ ಅರಳುತ್ತೆ. ಹದ ಅಂದ್ರೆ ಹದ! ಮನೆಯೆಲ್ಲಾ ವೆನಿಲಾ ಘಮ.

ಬೆಳಿಗ್ಗೆ ಅದನ್ನ ಹಸಿಹಸಿಯಾಗಿ ಹರಡೋಕೆ ನಿಮಗೆ ಸಿಕ್ಕಿದ್ದು ನಾನು ಕತ್ತರಿಸಿಟ್ಟಿದ್ದ ಮದುಮಗಳ ಗೌನಿನ ಬಿಳಿ ಸ್ಯಾಟಿನ್ ಬಟ್ಟೆ. ಕಂದು ಕಲೆ ಸರಿಯಾಗಿ ಎದೆ ಭಾಗಕ್ಕೇ ಬಿದ್ದಿದೆ. ನಾನು ಕೂಗಾಡಿದ್ದು ಎಮ್ಮೆ ಮೇಲೆ ಮಳೆ ಸುರಿದ ಹಾಗಾಯ್ತು. "ಒಂದು ತುಂಡು ಬಟ್ಟೆ ತಾನೇ, ಬಿಡೇ" ಅಂದು ಮಗ್ಗುಲಾದ್ರಿ.

ಹೊಸ ಬಟ್ಟೆ ತಗೊಂಡು ಆ ಹುಡುಗಿ ಮನೆಗೇ ಹೊರಟಿದೀನಿ. ಕಾಲಿಗೆ ಬಿದ್ದಾದರೂ ಸರಿ, ಅಲ್ಲೇ ಕೂತು ಹೊಲಿದುಕೊಟ್ಟು ನಾಡಿದ್ದು ಬರ್ತೀನಿ. ಊಟ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ.

ಈ ಹದ ಒಂದು ಗಂಟೆ ನಿಂತರೆ ಹೆಚ್ಚು, ಆಮೇಲೆ ಬರೀ ಧೂಳು ಅಂತ ನೀವೇ ಹೇಳಿದ್ದು. ಪೈಪು ಹುಡುಕಿ ಸುಸ್ತಾಗಬೇಡಿ. ಅದೂ, ತಂಬಾಕು ಡಬ್ಬಿಗಳ ಮುಚ್ಚಳಗಳೂ ನನ್ನ ಹೊಲಿಗೆ ಚೀಲದಲ್ಲಿವೆ. ತಟ್ಟೆ ಮುಂದೆ ಕುರ್ಚಿ ಹಾಕಿದೀನಿ, ಕೂತು ನೋಡ್ತಿರಿ.

ಒಂದು ಹಿಡಿ ತಂಬಾಕು ತಾನೇ, ಬಿಡ್ರೀ.