ಮಾವಯ್ಯ ಮಲಗವ್ರೆ

ಹುಲಿಕೆರೆ
೯ ನವೆಂಬರ್ ೨೦೨೫

ಅಣ್ಣಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಿದ ಹಾಳೆಯನ್ನು ಹರಿದುಹಾಕಿ ಮತ್ತೆ ಕೂತಿದ್ದೇನೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಇದನ್ನು ಓದಬೇಡ. ಬೇಡ, ಯಾರಾದರೂ ಇರುವಾಗಲೇ ಓದು.

ನಾನು ಕಾಲೇಜು ಬಿಡುವ ಮೊದಲು ನೀನು ಬೈದು ಓದಿಸುತ್ತಿದ್ದ ಜಿ.ಕೆ. ಪುಸ್ತಕದಲ್ಲಿ ಒಂದೊಂದು ವರ್ಷಕ್ಕೂ ‘ಪ್ರಮುಖ ಘಟನೆಗಳು, ಜನನ, ಮರಣ’ ಎಂದು ಇರುತ್ತಿತ್ತಲ್ಲ. ಈ ವರ್ಷಕ್ಕೆ ಯುದ್ಧ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಮನೆಯದನ್ನು ನಾನು ಬರೆಯುತ್ತೇನೆ.

ಜನನ ನಿನಗೆ ಗೊತ್ತು. ಆದರೆ ನಿನ್ನ ಮಗನಿಗೆ ನೀನು ಆರಿಸಿದ ಸಮ್ಯಕ್ ಎಂಬ ಹೆಸರನ್ನೇ ಇಟ್ಟೆವು ಎಂದದ್ದು ಸುಳ್ಳು. ತೊಟ್ಟಿಲಿಗೆ ಹಾಕಿದ ದಿನ ಅವ್ವ ರಾಮಣ್ಣ ಚಿಕ್ಕಪ್ಪನ ಬಾಯಿಂದ ಹೇಳಿಸಿದ ಹೆಸರು ಚನ್ನಪ್ಪ. ಬದುಕಿರುವವರ ಹೆಸರನ್ನು ನಮ್ಮ ಮನೆಯಲ್ಲಿ ಇಡುವುದಿಲ್ಲ.

ಹೌದು ಅಣ್ಣಾ. ಅಪ್ಪ ಇಲ್ಲ.

ಮೇ ತಿಂಗಳಲ್ಲಿ, ನಿನ್ನ ಫೋನ್ ಸಿಗದೇ ಹೋದ ಆ ವಾರ. ಅಪ್ಪ ಟಿವಿ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಕೂತಲ್ಲೇ ಎದೆ ಹಿಡಿದುಕೊಂಡ. ಹಾಸನ ತಲುಪಲಿಲ್ಲ. ತೋಟದಲ್ಲೇ ಮಣ್ಣು ಮಾಡಿದೆವು. ಮೊದಲ ಹಿಡಿ ಮಣ್ಣು ನಿನ್ನದಾಗಬೇಕಿತ್ತು, ಚಿಕ್ಕಪ್ಪ ಹಾಕಿದರು. ಅವ್ವ ಅಳುವುದಕ್ಕೂ ಮೊದಲೇ ಎಲ್ಲರಿಗೂ ಹೇಳಿಬಿಟ್ಟಳು: “ಅವ್ನಿಗೆ ಯಾರೂ ಹೇಳ್ಕೂಡ್ದು. ಬಂದೂಕ ಹಿಡ್ಕಂಡು ಅಳ್ತಾ ನಿಂತ್ಕಂಡ್ರೆ ಎದುರಿಗಿರೋನು ಸುಮ್ಕಿರ್ತಾನಾ?” ಫ್ಲೆಕ್ಸ್ ಕಟ್ಟಲು ಬಂದ ಹುಡುಗರನ್ನು ಓಡಿಸಿದಳು. ಚಿಕ್ಕಪ್ಪ ಹಾಕಿದ್ದ ಸ್ಟೇಟಸ್ಸನ್ನು ಅವರ ಕೈಯಿಂದಲೇ ಅಳಿಸಿದಳು. ಯುದ್ಧ ನಿಂತಿತು ಎಂದು ಟಿವಿ ಹೇಳಿತು, ಅವ್ವ ನಂಬಲಿಲ್ಲ. ಆಮೇಲೆ ಅತ್ತಿಗೆಯ ಹೆರಿಗೆ ಆಗಲಿ ಎಂದಳು.

ಅಪ್ಪ ಎಲ್ಲಿ ಎಂದು ನೀನು ಕೇಳಿದಾಗಲೆಲ್ಲ ಅವ್ವ “ತೋಟ್ದಲ್ಲವ್ರೆ ಕಣಪ್ಪ” ಎನ್ನುತ್ತಿದ್ದಳು. ಅದು ನಿಜವೇ. ಮಗು ಹುಟ್ಟಿದ ಮೇಲೆ ಅತ್ತಿಗೆ “ಮಾವಯ್ಯ ಮಲಗವ್ರೆ ಕಣ್ರೀ” ಎನ್ನತೊಡಗಿದಳು. ಅದೂ ಸುಳ್ಳಲ್ಲ. ಮಾವನ ಹೆಸರು ಹೇಳಬಾರದೆಂದು ಅವಳು ಮಗುವನ್ನೇ ಮಾವಯ್ಯ ಎನ್ನುತ್ತಾಳೆ. ತೊಟ್ಟಿಲು ನೋಡಿಕೊಂಡೇ ಹೇಳುತ್ತಿದ್ದಳು. ನನಗೆ ಇಂಥ ಜಾಣತನ ಬರುವುದಿಲ್ಲ. ಅದಕ್ಕೇ ಫೋನಿಗೆ ಸಿಗುತ್ತಿರಲಿಲ್ಲ. ದಿವ್ಯಾಗೆ ಕೊಬ್ಬು ಎಂದು ನನ್ನನ್ನು ಬೈದೆಯಂತೆ. ಬೈಯಿ.

ಇವತ್ತು ಬೆಳಿಗ್ಗೆ ನೀನು ಮುಂದಿನ ತಿಂಗಳು ರಜೆ ಸಿಕ್ಕಿದೆ, ಅಪ್ಪನಿಗೆ ಉಣ್ಣೆ ಟೋಪಿ ತಗೊಂಡೆ ಎಂದೆ. ಅವ್ವ ಸರಿ ಎಂದು ಒಳಗೆ ಹೋದಳು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಯಾರಾದರೂ ಭುಜ ಹಿಡಿದು “ನಿಮ್ಮಪ್ಪಂಗೆ ಹಿಂಗಾಗ್ಬಾರ್ದಿತ್ತು ಕಣ್ಲಾ” ಎನ್ನುತ್ತಾರೆ. ಅದಕ್ಕಿಂತ ನನ್ನಿಂದಲೇ ತಿಳಿಯಲಿ. ಓದಿದ ದಿನ ಕಾವಲಿಗೆ ನಿಲ್ಲಬೇಡ. ನಿಮ್ಮ ಸಾಹೇಬರಿಗೆ ಹೇಳಿ ಮಲಗು. ಅವ್ವ ಹೇಳಿದಂತೆ ಏನಾದರೂ ಆದರೆ ಅದು ನನ್ನ ಕೈಯಿಂದ ಆದಂತೆ.

ಟೋಪಿ ತಾ. ಮಗುವನ್ನು ಹೆಸರು ಹಿಡಿದು ಕರೆಯಲು ನೀನು ಬರಲೇಬೇಕು. ಅತ್ತಿಗೆಗೆ ಅದು ಮಾವನ ಹೆಸರು, ಅವ್ವನಿಗೆ ಗಂಡನದು. ಇಬ್ಬರ ಬಾಯಲ್ಲೂ ಬರುವುದಿಲ್ಲ.

ನಿನ್ನ ಕೊಬ್ಬಿನ ತಂಗಿ,
ದಿವ್ಯಾ

ತಾ.ಕ.: ಕವರ್ ಅಂಟಿಸುವ ಮೊದಲು ನಾನಾದರೂ ಕರೆಯೋಣವೆಂದು “ಚನ್ನಪ್ಪಾ” ಎಂದು ಜೋರಾಗಿ ಕೂಗಿದೆ. ಮಗು ತಿರುಗಲಿಲ್ಲ. ಅಡುಗೆಮನೆಯಿಂದ ಅವ್ವ ಸೆರಗು ಸರಿಮಾಡಿಕೊಳ್ಳುತ್ತಾ ಬೀದಿ ಬಾಗಿಲಿಗೆ ಬಂದು, “ತೋಟ್ದಲ್ಲವ್ರೆ, ಬತ್ತಾರೆ, ಕೂತ್ಕಳಿ” ಎಂದಳು.