ಸಹಿ ಬೀಳದ ಅರ್ಜಿ

ಜೂನ್ 3
ಹನ್ನೊಂದು ಜೊತೆ ಕನ್ನಡಕದ ಗಾಜು ಕತ್ತರಿಸಿದೆ. ಒಂದು ಬಿರುಕು ಬಿಟ್ಟಿತು. ಮನಸ್ಸು ಅಂಗಡಿಯಲ್ಲಿರಲಿಲ್ಲ. ಬೆಳಿಗ್ಗೆ ಹೆಂಡತಿ ಆ ಬ್ಯಾಂಕಿನವನ ಜೊತೆ ಫೋನಿನಲ್ಲಿ ನಗುತ್ತಿದ್ದಳು. ಕಾಲೇಜಿನಲ್ಲಿ ಒಂದೇ ಕ್ಲಾಸಂತೆ. ನನ್ನ ಕ್ರೆಡಿಟ್ ಕಾರ್ಡಿನ ಸಾಲವನ್ನು ಅವರ ಬ್ಯಾಂಕಿನ ಹೊಸ ಕಾರ್ಡಿಗೆ ಹಾಕಿಕೊಡುತ್ತಾನಂತೆ — ಬ್ಯಾಲೆನ್ಸ್ ಟ್ರಾನ್ಸ್‌ಫರ್. ಒಂದು ವರ್ಷ ಬಡ್ಡಿಯಿಲ್ಲ. ಅಷ್ಟರಲ್ಲಿ ಅಸಲು ಕಟ್ಟಿ ಮುಗಿಸಿದರೆ ಬಚಾವ್.

ಸಾಲ ಮಾಡಿದವನು ನಾನು. ಕ್ಯಾಮೆರಾ, ಮೂರು ಲೆನ್ಸು. ಮದುವೆ ಫೋಟೊ ತೆಗೆದು ದುಡಿಯುತ್ತೇನೆಂದು ಕೊಚ್ಚಿಕೊಂಡಿದ್ದೆ. ತೆಗೆದದ್ದು ಎರಡು ಮದುವೆ.

ದಾರಿ ತೋರಿಸಲು ಅವನೇ ಬೇಕಿತ್ತೆ...

ಜೂನ್ 5
ಅರ್ಜಿ ಬಂತು. ಸಹಿ ಬೀಳಬೇಕಾದಲ್ಲೆಲ್ಲ ಪೆನ್ಸಿಲ್ ಗುರುತು. ಹದಿನೈದರೊಳಗೆ ಕೊಡಬೇಕು, ಆಮೇಲೆ ಈ ಆಫರ್ ಇಲ್ಲ. ಅವನು ಎಷ್ಟು ಸಮಾಧಾನವಾಗಿ ತಿಳಿಸಿ ಹೇಳುತ್ತಾನೆಂದು ಹೊಗಳಿದಳು. ನಾನು ಬಾಯಿ ತೆರೆದರೆ ಗೊಣಗಾಟ.

ನಾಳೆ ಹಾಕುತ್ತೇನೆಂದು ಅಂಗಡಿಯ ಡ್ರಾಯರಿಗೆ ಸೇರಿಸಿದೆ.

ಜೂನ್ 12
ಮತ್ತೆ ಕೇಳಿದಳು. ಎಲ್ಲೋ ಕಳೆದುಹೋಗಿದೆ, ಹುಡುಕುತ್ತಿದ್ದೇನೆ ಅಂದೆ. ಸುಳ್ಳು.

ಅವನ ಫೋನ್ ಬಂತು. ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡಳು. ಒಳಗೆ ಬಂದಾಗ ಮುಖ ಕೆಂಪಗಿತ್ತು. ಕೇಳಿದರೆ ಸಣ್ಣವನಾಗುತ್ತೇನೆಂದು ಕೇಳಲಿಲ್ಲ. ಕೇಳದೆ ಇನ್ನೂ ಸಣ್ಣವನಾದೆ.

ಜೂನ್ 15, ಮಧ್ಯಾಹ್ನ ಮೂರು
ಬ್ಯಾಂಕಿಗೆ ಹೋದೆ. ಅರ್ಜಿ ಜೇಬಿನಲ್ಲಿ, ಸಹಿಯಿಲ್ಲ. ನಿನ್ನ ಉಪಕಾರ ಬೇಡ ಎಂದು ಮುಖಕ್ಕೇ ಹೇಳಿಬಿಡಬೇಕೆಂದಿದ್ದೆ. ಅವನದು ಬೋಳುತಲೆ, ದಪ್ಪ ಕನ್ನಡಕ — ಪವರ್ ಮೈನಸ್ ಏಳಾದರೂ ಇರಬೇಕು. ಎದ್ದು ನಿಂತು ಕೈಕುಲುಕಿದ. ಮೊನ್ನೆ ಫೋನಿನಲ್ಲಿ ಅವಳಿಗೆ ಚೆನ್ನಾಗಿ ಬೈದುಬಿಟ್ಟೆ, ಕ್ಷಮಿಸಬೇಕು ಅಂದ.

“‘ಕಾರ್ಡ್ ಉಜ್ಜಿದ್ದೆಲ್ಲ ನಾನೇ, ಪಾಪ ನಮ್ಮನೆಯವರಿಗೇನೂ ಗೊತ್ತಿಲ್ಲ’ ಅಂದ್ಳು. ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಹೇಳ್ದೆ. ನೀವು ಮನೇಲಿ ಮತ್ತೆ ಬೈಬೇಡಿ ಸಾರ್.”

ಅವಳು ಆ ಕ್ಯಾಮೆರಾ ಮುಟ್ಟಿದವಳೂ ಅಲ್ಲ.

“ಉಜ್ಜಿದ್ದು ಅವಳಲ್ಲ,” ಅಂದೆ. “ನಾನು.”

ಅವನು ಪೆನ್ನು ನನ್ನತ್ತ ಸರಿಸಿದ. ಮೂರು ಸಹಿ ಹಾಕಿದೆ. ಮೂರೂ ಮೂರು ಥರ ಬಂದವು.

ಜೂನ್ 28
ಹಳೆಯ ಕಾರ್ಡಿನ ಬಾಕಿ ತೀರಿತೆಂದು ಮೆಸೇಜು. ಹೊಸ ಕಾರ್ಡನ್ನು ಅವಳ ಕೈಗೇ ಕೊಟ್ಟೆ. ಮಾರಲಿಟ್ಟ ಕ್ಯಾಮೆರಾ ನೋಡಲು ಭಾನುವಾರ ಒಬ್ಬರು ಬರುತ್ತಾರೆ. ಆದರೂ ಅವನ ಫೋನ್ ಬಂದರೆ ಈಗಲೂ ನನ್ನ ಕಿವಿ ನಿಮಿರುತ್ತದೆ.

ಇವತ್ತು ಕೇಳಿಯೇಬಿಟ್ಟೆ, ಸಾಲ ನಿನ್ನದೆಂದು ಅವನಿಗೇಕೆ ಹೇಳಿದೆ ಎಂದು. ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಅವನೆದುರು ನೀವು ತಲೆ ತಗ್ಗಿಸೋದು ನಂಗೆ ಬೇಡವಾಗಿತ್ತು.”

ಆಗ ನನ್ನ ಹೊಟ್ಟೆಕಿಚ್ಚನ್ನೆಲ್ಲ ಹೇಳಿದೆ. ಡ್ರಾಯರಿನಲ್ಲಿ ಬಚ್ಚಿಟ್ಟದ್ದನ್ನೂ. ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, ನನ್ನನ್ನೇ ನೋಡುತ್ತ, “ಅವನ ಫೋನ್ ಬಂದಾಗ ಇನ್ಮೇಲೆ ನನ್ನನ್ನೇ ಕೇಳಿಬಿಡಿ,” ಅಂದಳು.