ತುಪ್ಪಳದ ಕೋಟಿಗೊಂದು ಅಪ್ಪಣೆ

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಇನ್ಸ್‌ಪೆಕ್ಟರಿಗೆ ಅಮ್ಮನ ಕಡೆಯಿಂದ ಒಂದು ಅಪ್ಪುಗೆ, ಒಂದು ಬೈಗುಳ.

ಬೈಗುಳ ಯಾಕೆ ಅಂತ ನಿನಗೇ ಗೊತ್ತು. ತಿಂಗಳಾಯ್ತು, ಒಂದು ಸಾಲು ಬರೆದಿಲ್ಲ. ಫೋನ್ ಮಾಡೋಣ ಅಂದ್ರೆ ನಿಮ್ಮ ಕಾಡುಪ್ರಾಣಿ ಆಸ್ಪತ್ರೆಯ ಲೈನಲ್ಲಿ ಗರಗರ ಬಿಟ್ಟು ಇನ್ನೇನೂ ಕೇಳಿಸಲ್ಲ. ಕೇಳಿಸಿದ್ರೂ ಅಷ್ಟೇ, ಎರಡನೇ ಮಾತಿಗೆ ನಾನು ಜಗಳಕ್ಕೆ ನಿಲ್ತೀನಿ, ಮೂರನೇ ಮಾತಿಗೆ ನೀನು ಫೋನ್ ಇಡ್ತೀಯ. ಅದಕ್ಕೇ ಹೊಲಿಗೆ ಬಟ್ಟೆಯೆಲ್ಲ ಪಕ್ಕಕ್ಕೆ ತಳ್ಳಿ, ಮಿಷನ್ ಮೇಲೇ ಹಾಳೆ ಹರಡಿಕೊಂಡು ಬರೀತಿದ್ದೀನಿ. ಪೂರ್ತಿ ಓದು, ಮಧ್ಯದಲ್ಲಿ ಸಿಟ್ಟು ಮಾಡ್ಕೋಬೇಡ.

ಅಜ್ಜಿ ಇನ್ನು ಹೆಚ್ಚು ದಿನ ಇರಲ್ಲ ಪುಟ್ಟಾ. ಡಾಕ್ಟರು ನನ್ನನ್ನ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿ ಹೋದ್ರು. ಹೃದಯ ಸೋತಿದೆಯಂತೆ, ರಕ್ತ ಬೆರಳ ತುದಿವರೆಗೆ ಹೋಗ್ತಿಲ್ಲವಂತೆ. ಅದಕ್ಕೇ ಆ ಹಾಳು ಚಳಿ. ಬಿಸಿನೀರಿನ ಚೀಲ ಕಾಲ ಹತ್ತಿರ ಇಟ್ಟಿದ್ದೀನಿ, ಕಿಟಕಿ ಸಂದಿಗೆಲ್ಲ ಬಟ್ಟೆ ಚೂರು ತುರುಕಿದ್ದೀನಿ. ಆದ್ರೂ ಹಲ್ಲು ಕಟಕಟ ಅಂತಿರುತ್ತೆ. ದಪ್ಪ ಕಂಬಳಿ ಹೊದಿಸಿದ್ರೆ ಅದರ ಭಾರಕ್ಕೇ ಉಸಿರು ಕಟ್ಟುತ್ತೆ, ತೆಗೆದ್ರೆ ನಡುಕ. ನೋಡೋಕಾಗಲ್ಲ ಕಣೇ.

ಇತ್ತ ಬೀರುವಿನಲ್ಲಿ ಆ ತುಪ್ಪಳದ ಕೋಟು ನೇತಾಡ್ತಿದೆ. ಹಗುರ, ಹೆಗಲ ಮೇಲೆ ಬಿದ್ದ ಕೂಡಲೇ ಬೆಚ್ಚಗೆ. ನಾನು ತಂದು ಹೊದಿಸೋಕೆ ಹೋದ್ರೆ ಅಜ್ಜಿ ಕೈಯಲ್ಲಿ ತಳ್ತಾರೆ. ಕೈಯಲ್ಲಿ ಲೋಟ ಹಿಡಿಯೋ ಶಕ್ತಿ ಇಲ್ಲ, ಕೋಟು ತಳ್ಳೋಕೆ ಮಾತ್ರ ಎಲ್ಲಿಂದ ಬರುತ್ತೋ! ಇನ್ಸ್‌ಪೆಕ್ಟರಿಗೆ ಮಾತು ಕೊಟ್ಟಿದ್ದೀನಿ, ಮುಟ್ಟಲ್ಲ ಅಂತಾರೆ.

ನಿನಗೆ ಆ ಹೆಸರು ಇಟ್ಟಿದ್ದೂ ಅವರೇ ತಾನೇ. ನೀನು ನನ್ನ ಸೊಂಟದಷ್ಟು ಎತ್ತರ ಇದ್ದೆ. ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರಿನವನು ಕಾಗದದ ಕಪ್ ರಸ್ತೆಗೆ ಎಸೆದ. ನೀನು ಅಜ್ಜಿ ಕೈ ಬಿಡಿಸಿಕೊಂಡು ಓಡಿ, ಅದನ್ನ ಎತ್ತಿ, ಅಂಕಲ್ ನಿಮ್ಮ ಸಾಮಾನು ಬಿದ್ದುಹೋಗಿತ್ತು ಅಂತ ಕಿಟಕಿಯೊಳಗೆ ಅವನ ತೊಡೆ ಮೇಲೆ ಇಟ್ಟು ಬಂದೆ. ಅದರಲ್ಲಿ ಇನ್ನೂ ಒಂದು ಗುಟುಕು ಕಾಫಿ ಇತ್ತು. ಅಜ್ಜಿ ಮನೆಗೆ ಬರೋವರೆಗೂ ನಕ್ಕಿದ್ದರು. ಆಮೇಲೆ ನಮ್ಮನೇಲಿ ಒಂದು ಪ್ಲಾಸ್ಟಿಕ್ ಚೀಲ ತರೋದಕ್ಕೂ ನಿನ್ನ ಅಪ್ಪಣೆ ಬೇಕಾಯ್ತು. ನಾನು ಕದ್ದು ತಂದು ಹಾಸಿಗೆ ಕೆಳಗೆ ಇಡ್ತಿದ್ದೆ. ಅಜ್ಜಿ ಮಾತ್ರ ಒಂದು ದಿನವೂ ನಿನ್ನ ಮಾತು ಮೀರಲಿಲ್ಲ.

ಹೋದ ಚಳಿಗಾಲ ನೀನು ಬಂದಾಗಲೂ ಹಾಗೇ ಆಯ್ತಲ್ಲ. ಅಜ್ಜಿ ಕೋಟು ಹಾಕ್ಕೊಂಡು ಬ್ರೆಡ್ ತರೋಕೆ ಹೊರಟಿದ್ರು. ನೀನು ಬಾಗಿಲಿಗೆ ಅಡ್ಡ ನಿಂತೆ. ಇಂಥ ನರಿಗಳ ಮರಿಗಳಿಗೇ ನಾನು ಅಲ್ಲಿ ಬಾಟಲಿಯಲ್ಲಿ ಹಾಲು ಕುಡಿಸ್ತಿದ್ದೀನಿ, ನೀನು ಅವುಗಳ ಅಮ್ಮಂದಿರನ್ನ ಮೈಮೇಲೆ ಹೊತ್ಕೊಂಡು ತಿರುಗ್ತೀಯಲ್ಲ ಅಂತ ಕೇಳಿಬಿಟ್ಟೆ. ಅಜ್ಜಿ ವಾದ ಮಾಡಲಿಲ್ಲ. ಗುಂಡಿ ಒಂದೊಂದೇ ಬಿಚ್ಚಿ, ಕೋಟು ನನ್ನ ಕೈಗೆ ಕೊಟ್ಟು, ನಿನ್ನ ಕೈ ಹಿಡಿದು ಇನ್ನು ಬದುಕಿರೋವರೆಗೂ ಇದನ್ನ ಮುಟ್ಟಲ್ಲ ಅಂದ್ರು. ನೀನು ಹೋದ ಮೇಲೆ ತೆಳ್ಳಗಿನ ಉಲ್ಲನ್ ಕೋಟಿನಲ್ಲಿ ಸೀನುತ್ತಾ ಓಡಾಡ್ತಿದ್ರು. ಯಾರಾದ್ರೂ ಕೇಳಿದ್ರೆ, ನಮ್ಮ ಹುಡುಗಿ ಹೇಳಿದ್ದು ನ್ಯಾಯವಾಗಿದೆ ಅಂತ ಅವರಿಗೂ ಒಂದು ಭಾಷಣ ಬಿಗೀತಿದ್ರು.

ನಿನ್ನ ಮಾತು ತಪ್ಪು ಅಂತ ನಾನೂ ಅನ್ನಲ್ಲ. ಆ ಕೋಟಿನ ಲೈನಿಂಗ್ ಬಿಚ್ಚಿ ರಿಪೇರಿ ಮಾಡಿದವಳು ನಾನು. ಒಳಗೆ ಅಂಗೈಯಗಲದ ಚರ್ಮದ ಚೂರುಗಳು, ಸಾಲಾಗಿ ಹೊಲಿದಿರೋದು. ಅವತ್ತು ನನಗೆ ಊಟ ಸೇರಲಿಲ್ಲ. ಆದ್ರೆ ಅಜ್ಜಿ ಅದನ್ನ ಅಂಗಡಿಗೆ ಹೋಗಿ ಬೇಕು ಅಂತ ಕೊಂಡವರಲ್ಲ. ದೋಣಿಕಟ್ಟೆಯ ಟಿಕೆಟ್ ಗೂಡಿನಲ್ಲಿ, ನದಿ ಗಾಳಿಗೆ ಮುಖ ಕೊಟ್ಟು ಟಿಕೆಟ್ ಕೊಡ್ತಾ ಕೂತಿರುವಾಗ, ಊರು ಬಿಟ್ಟು ಹೊರಟಿದ್ದ ಡಾಕ್ಟರಮ್ಮ ಒಬ್ಬರು ಇವರ ತುಟಿ ನೀಲಿಯಾಗಿದ್ದು ನೋಡಿ ಅಲ್ಲೇ ಬಿಚ್ಚಿ ಕೊಟ್ಟು ಹೋಗಿದ್ದು ಅದು. ನಿನ್ನಪ್ಪ ಕೂಸಾಗಿದ್ದಾಗ ಅದರೊಳಗೇ ಮಲಗಿದ್ದರಂತೆ. ಆ ನರಿಗಳು ಸತ್ತು ಎಷ್ಟು ಕಾಲವಾಯ್ತೋ, ಈಗ ಕೋಟು ಬೀರುವಿನಲ್ಲಿದ್ರೆ ಅವು ಎದ್ದು ಬರ್ತಾವಾ? ಹೀಗೆಲ್ಲ ಅಂದ್ರೆ ನೀನು, ಒಬ್ಬರು ಹಾಕ್ಕೊಂಡಿದ್ದು ನೋಡಿ ಇನ್ನೊಬ್ಬರು ಆಸೆ ಪಡ್ತಾರೆ ಅಂತೀಯ. ಹಾಸಿಗೆ ಹಿಡಿದ ಮುದುಕಿಯನ್ನ ಯಾರು ನೋಡಿ ಆಸೆ ಪಡ್ತಾರೆ ಹೇಳು.

ಇನ್ನೊಂದು ವಿಷಯ. ನಾನೊಂದು ಸುಳ್ಳು ಹೇಳಿದೆ. ನೀನು ಫೋನ್ ಮಾಡಿದ್ದೆ, ಕೋಟು ಹಾಕ್ಕೋ ಅಂದೆ ಅಂತ. ಅಜ್ಜಿ ಕಣ್ಣು ಅರಳಿತು. ನಾನು ಅಲ್ಲಿಗೇ ಸುಮ್ಮನಾಗಬೇಕಿತ್ತು. ಆಗಲಿಲ್ಲ. ತುಪ್ಪಳ ಹಾಕೋದರಲ್ಲಿ ಏನೂ ತಪ್ಪಿಲ್ಲವಂತೆ, ನಾನು ಸುಮ್ಮನೆ ಕೂಗಾಡಿದೆ ಅಂದಳು ಅಂತ ಇನ್ನಷ್ಟು ಸೇರಿಸಿದೆ. ಅಜ್ಜಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ನಮ್ಮ ಹುಡುಗಿ ಹಾಗನ್ನೋಳಲ್ಲ, ಇದು ನಿನ್ನ ಕೈಕೆಲಸ ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ರು.

ಅದಕ್ಕೇ ನಿನ್ನ ಕೈಬರಹದಲ್ಲೇ ಬೇಕು. ನಿನ್ನ ಅಭಿಪ್ರಾಯ ಬದಲಾಯಿಸು ಅಂತ ಕೇಳ್ತಿಲ್ಲ. ಅಜ್ಜಿ ಹೆಸರಿಗೆ ಒಂದೇ ಒಂದು ಸಾಲು, ಹಾಕ್ಕೋ ಅಂತ. ಅವರು ಬೆಚ್ಚಗೆ ಹೋಗ್ಲಿ ಕಣೇ. ಇಷ್ಟೇ ನಾನು ಬೇಡ್ಕೊಳ್ಳೋದು.

ನಿನ್ನ ದಾರಿ ನೋಡ್ತಾ,
ಅಮ್ಮ

ತಾ.ಕ.: ಸೇರಿಸದೇ ಇರೋಕಾಗಲಿಲ್ಲ. ಇವತ್ತು ನಿದ್ದೆಗಣ್ಣಲ್ಲಿ ಅಜ್ಜಿ ನನ್ನನ್ನ ನೀನು ಅಂದ್ಕೊಂಡು, ಚಳಿ ಏನಿಲ್ಲ ಬಿಡು ಅಂತ ಸಮಾಧಾನ ಹೇಳಿದ್ರು.

*

ಗುರುವಾರ

ಅಮ್ಮಾ,

ಟಪಾಲು ಗಾಡಿಯವರು ಟೀ ಕುಡಿದು ಮುಗಿಸೋವರೆಗೆ ನಿಲ್ತೀನಿ ಅಂದಿದ್ದಾರೆ. ಬೇಗ ಬೇಗ ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ರೆ ಬೈಬೇಡ.

ಇದೇ ಗಾಡಿ ಹತ್ತಿ ಬಂದುಬಿಡೋಣ ಅಂತ ಚೀಲಕ್ಕೆ ಬಟ್ಟೆ ತುಂಬಿದ್ದೆ. ಆಮೇಲೆ ತೆಗೆದೆ. ಇಲ್ಲಿ ತಾಯಿ ಸತ್ತ ನರಿಮರಿಗಳಿವೆ, ಇನ್ನೂ ಕಣ್ಣು ಬಿಟ್ಟಿಲ್ಲ. ಗಂಟೆಗಂಟೆಗೂ ಹಾಲು ಕೊಡಬೇಕು. ಜೊತೆಯವಳು ಜ್ವರದಲ್ಲಿ ಮಲಗಿದ್ದಾಳೆ. ಬದಲಿ ಜನ ಬರೋದು ಭಾನುವಾರ. ನಾನು ಹೊರಟರೆ ಇವು ಉಳಿಯಲ್ಲ. ನಾನು ಉಳಿದರೆ ಅಜ್ಜಿಯನ್ನ ನೋಡ್ತೀನೋ ಇಲ್ಲವೋ. ಯಾವುದು ಸರಿ ಅಂತ ನೀನಾದ್ರೂ ಹೇಳಮ್ಮ. ಊರಿಗೆಲ್ಲ ಸರಿ ತಪ್ಪು ಹೇಳಿಕೊಂಡು ಬಂದವಳಿಗೆ ಇವತ್ತು ಏನೂ ತೋಚ್ತಿಲ್ಲ.

ಕೋಟಿನ ವಿಷಯ ಓದಿ ಕೊಟ್ಟಿಗೆಯಲ್ಲಿ ಕೂತು ಅತ್ತೆ. ಇಲ್ಲಿ ನರಿಗಳಿಗೆ ಬೋನು ಇಡೋರು ಯಾರು ಅಂತ ನನಗೆ ಗೊತ್ತು. ದಾರಿಯಲ್ಲಿ ಸಿಕ್ಕಿದ್ರೆ ತಲೆ ತಗ್ಗಿಸಿಕೊಂಡು ಹೋಗ್ತೀನಿ, ಅವರ ಹತ್ತಿರ ಒಂದು ಮಾತಾಡೋ ಧೈರ್ಯ ಇಲ್ಲ. ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಬಂದು ಅಜ್ಜಿ ಮೇಲೆ ಸುರಿದೆ. ಅಜ್ಜಿ ಬೈಯಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೆ.

ಚೀಟಿ ಇಟ್ಟಿದ್ದೀನಿ. ತಪ್ಪಿಲ್ಲ ಅಂತ ಬರೆಯೋಕೆ ನನಗೆ ಆಗಲಿಲ್ಲಮ್ಮ, ಕ್ಷಮಿಸು. ಸುಳ್ಳು ಬರೆದ್ರೆ ಅಜ್ಜಿಗೆ ಗೊತ್ತಾಗುತ್ತೆ. ನಿಜ ಎಷ್ಟಿದೆಯೋ ಅಷ್ಟೇ ಬರೆದಿದ್ದೀನಿ: “ಅಜ್ಜೀ, ನೀನು ಕೊಟ್ಟ ಮಾತನ್ನ ನಾನು ನಿನಗೇ ವಾಪಸ್ ಕೊಡ್ತಿದ್ದೀನಿ. ಕೋಟು ಹಾಕ್ಕೋ. ನನಗೆ ನರಿಗಿಂತ ನೀನು ಹೆಚ್ಚು.”

ಓದಿ ಹೇಳು. ಜೋರಾಗಿ ಹೇಳು, ಎಡಗಿವಿ ಹತ್ತಿರ.

ಭಾನುವಾರ ಹೊರಡ್ತೀನಿ,
ನಿನ್ನ ಮಗಳು

*

ಬುಧವಾರ, ಸಂಜೆ

ಪುಟ್ಟಾ,

ನೀನು ಸುಖವಾಗಿ ತಲುಪಿದೆ ಅಂತ ನಿಮ್ಮ ಆಫೀಸಿನವರು ಫೋನಲ್ಲಿ ಕೂಗಿ ಹೇಳಿದ್ರು. ಮರಿಗಳು ಕಣ್ಣು ಬಿಟ್ಟವಂತಲ್ಲ, ಒಳ್ಳೇದಾಯ್ತು. ಇಲ್ಲಿ ಮನೆ ಬಿಕೋ ಅಂತಿದೆ. ಬೆಳಗ್ಗೆ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿದೆ. ಅಜ್ಜಿ ಮಂಚ ಇನ್ನೂ ಬಿಚ್ಚಿಲ್ಲ, ಅದರ ಮೇಲೆ ಹೊಲಿಯೋ ಬಟ್ಟೆಗಳನ್ನ ಗುಡ್ಡೆ ಹಾಕಿದ್ದೀನಿ, ಖಾಲಿ ಕಾಣದೇ ಇರಲಿ ಅಂತ.

ಅಜ್ಜಿ ಹೋದ ಮೇಲೆ, ಒಂದು ದಿನ ತಡವಾಗಿ ಬಂದೆ ಅಂತ ಕೊರಗಬೇಡ. ಆ ಕುರುಡು ಮರಿಗಳನ್ನ ಬಿಟ್ಟು ಬಂದಿದ್ರೆ ಅಜ್ಜಿನೇ ನಿನ್ನನ್ನ ಬಾಗಿಲಿಂದ ವಾಪಸ್ ಕಳಿಸ್ತಿದ್ರು. ಸರಿಯಾದ ಊಟ ಮಾಡು. ಉಣ್ಣೋ ಹೊತ್ತಿಗೆ ಉಣ್ಣು, ಮರಿಗಳ ಬಾಟಲಿ ಹಿಡ್ಕೊಂಡೇ ದಿನ ಕಳೀಬೇಡ. ನಿನ್ನ ಸಾಕ್ಸ್ ಒಂದು ಜೊತೆ ಇಲ್ಲೇ ಬಿಟ್ಟಿದ್ದೀಯ, ಹಿಮ್ಮಡಿ ಹರಿದಿತ್ತು, ಹೊಲಿದಿಟ್ಟಿದ್ದೀನಿ.

ನೀನು ಬಸ್ ಹತ್ತೋ ಮುಂಚೆ ಇನ್ನೊಂದು ಸಲ ಕೇಳಿದೆ, ಅಜ್ಜಿ ನಿಜವಾಗಲೂ ಕೋಟು ಹಾಕ್ಕೊಂಡ್ರಾ, ಬೆಚ್ಚಗಿದ್ರಾ ಅಂತ. ನಾನು ಹೂಂ ಅಂದೆ. ಚೀಟಿ ಓದಿದ ಕೂಡಲೇ ನಕ್ಕು ಕೈ ಚಾಚಿದ್ರು, ಅದರೊಳಗೇ ನಿದ್ದೆ ಹೋದ್ರು ಅಂದೆ. ನೀನು ಆ ಕೋಟಿಗೆ ಮುಖ ಒತ್ತಿಕೊಂಡು, ಅಜ್ಜಿ ವಾಸನೆ ಇದೆ ಅಂತ ಬಿಕ್ಕಿದೆ. ಆಮೇಲೆ ಯಾರು ಏನಾದ್ರೂ ಅನ್ನಲಿ, ಇದನ್ನ ನಾನೇ ಹಾಕ್ಕೋತೀನಿ ಅಂತ ನನ್ನ ಕಣ್ಣೆದುರೇ ತೋಳು ತೂರಿಸಿ, ಗುಂಡಿ ಹಾಕ್ಕೊಂಡು ಬಸ್ ಹತ್ತಿದೆ. ಕಿಟಕಿಯಿಂದ ಕೈ ಬೀಸಿದೆ. ನಾನೂ ಬೀಸಿದೆ.

ಚಳಿ ಕಡಿಮೆಯಾದ ಮೇಲೆ ಒಂದು ಸಲ ಬಂದು ಹೋಗು. ಮನೆ ನಿನ್ನದು, ಅಪ್ಪಣೆ ಕೇಳಬೇಕಾಗಿಲ್ಲ.

ಒಬ್ಬಳೇ ಕೂತಿರೋ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಇದನ್ನ ಹೇಳದೇ ಇದ್ರೆ ನನಗೆ ಅನ್ನ ಇಳಿಯಲ್ಲ.

ಅಜ್ಜಿ ಕೋಟು ಹಾಕ್ಕೊಳ್ಳಲಿಲ್ಲ ಪುಟ್ಟಾ. ನಿನ್ನ ಚೀಟಿ ಶುಕ್ರವಾರವೇ ಕೈಗೆ ಬಂತು, ಹೊತ್ತಿಗೆ ಸರಿಯಾಗಿಯೇ ಬಂತು. ಎಡಗಿವಿ ಹತ್ತಿರ ಜೋರಾಗಿ ಓದಿದೆ. ಅವರು ಚೀಟಿ ಕೇಳಿ ತಗೊಂಡು ಕಣ್ಣ ಹತ್ತಿರ ಹಿಡಿದ್ರು. ಅಕ್ಷರ ಎಲ್ಲಿ ಕಾಣಬೇಕು, ಪೊರೆ ಬಂದ ಕಣ್ಣು. ಬೆರಳಲ್ಲಿ ಸವರಿ ನೋಡಿದ್ರು. ಆಮೇಲೆ ನನ್ನ ಕೆನ್ನೆ ತಟ್ಟಿ, ಈ ಸಲ ಚೆನ್ನಾಗಿ ಹೇಳಿದೆಯಮ್ಮ, ಹೋದ ಸಲಕ್ಕಿಂತ ಎಷ್ಟೋ ವಾಸಿ ಅಂದ್ರು. ನಾನು ಆಣೆ ಇಟ್ಟೆ, ಅಳ್ತಾ ಕಾಲು ಹಿಡಿದೆ, ಇದು ಅವಳದೇ ಅಂದೆ. ಸೊಸೆಗೆ ನನ್ನ ಮೇಲೆ ಎಷ್ಟು ಪ್ರೀತಿ ನೋಡು ಅಂತ ನಕ್ಕರೇ ಹೊರತು ನಂಬಲಿಲ್ಲ. ನಿನ್ನ ನಿಜಕ್ಕೆ ಜಾಗವಿಲ್ಲದ ಹಾಗೆ ನನ್ನ ಸುಳ್ಳು ಮುಂಚೆಯೇ ಹೋಗಿ ಕೂತಿತ್ತು.

ಎಚ್ಚರ ತಪ್ಪಿದ ಮೇಲೆ ಹೊದಿಸಬಹುದಿತ್ತು. ಬೀರುವಿನಿಂದ ತಂದೂ ತಂದೆ. ಬೇಡ ಅಂದ ಹೆಂಗಸಿನ ಮೇಲೆ ಹೊದಿಸೋಕೆ ಕೈ ಬರಲಿಲ್ಲ. ಕುರ್ಚಿ ಮೇಲೆ ಎಸೆದು, ಅವರ ಪಕ್ಕ ಮಲಗಿ ಗಟ್ಟಿಯಾಗಿ ತಬ್ಬಿಕೊಂಡೆ. ನಡುಕ ಪೂರ್ತಿ ನಿಲ್ಲಲಿಲ್ಲ. ನೀನು ಮುಖ ಒತ್ತಿಕೊಂಡಿದ್ದು ಅಜ್ಜಿ ವಾಸನೆಗಲ್ಲ, ಡ್ರೈಕ್ಲೀನ್ ಮಾಡಿಸಿ ಇಟ್ಟಿದ್ದ ಬಟ್ಟೆಗೆ.

ನಿನ್ನ ಮುಖ ನೋಡಿ ಬೇರೆ ಹೇಳೋಕೆ ಬಾಯಿ ಬರಲಿಲ್ಲ. ಆದ್ರೆ ನೀನು ಆ ಕೋಟಿನ ಗುಂಡಿ ಹಾಕ್ಕೊಂಡು ಹೋದಾಗಿಂದ ನಾನು ಮಲಗಿಲ್ಲ. ಯಾಕಂದ್ರೆ ಅಜ್ಜಿ ಕೊನೆಗೆ ಸರಿಯಾಗಿ ಮಾತಾಡಿದ್ದು ಒಂದೇ ವಿಷಯ, ಅದನ್ನ ನಿನಗೆ ತಲುಪಿಸು ಅಂತ ನನ್ನ ಕೈ ಹಿಡಿದು ಹೇಳಿದ್ರು, ಎಂಥಾ ಹೆಮ್ಮೆಯಿಂದ ಹೇಳಿದ್ರು ಗೊತ್ತಾ. ನಾನು ಅದನ್ನ ನುಂಗಿಕೊಂಡು ಕೂತಿದ್ದೆ. ಇನ್ಸ್‌ಪೆಕ್ಟರಿಗೆ ಹೇಳು, ನಾನು ಮುಟ್ಟಲಿಲ್ಲ ಅಂತ.